ಜರ್ಮನಿಯಲ್ಲಿ ಕಾರು: ಭಾರತದ ಲೈಸೆನ್ಸ್‌ನಿಂದ ಲೀಸ್ ಮುಗಿಯುವವರೆಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಾಷ್, ಎಸ್‌ಎಪಿ, ಮರ್ಸಿಡಿಸ್ ಕಚೇರಿಗಳಿಂದ ಸ್ಟುಟ್‌ಗಾರ್ಟ್, ವಾಲ್‌ಡೋರ್ಫ್ ಕಡೆಗೆ ಬರುವ ಕನ್ನಡಿಗರು ಎಷ್ಟೋ ಜನ. ಮನೆ ಸಿಕ್ಕಿ, ಸಂಬಳ ಶುರುವಾದ ಮೇಲೆ ಬರುವ ಮೊದಲ ದೊಡ್ಡ ಆಸೆ ಕಾರು. ಅದರಲ್ಲೂ ಲೀಸಿಂಗ್ ಜಾಹೀರಾತು ನೋಡಿದರೆ ಕೈ ತಡೆಯುವುದಿಲ್ಲ. ಹೊಸ ಕಾರು, ತಿಂಗಳಿಗೆ 200 ಚಿಲ್ಲರೆ ಯೂರೊ, ಮೂರು ವರ್ಷ ಆದ ಮೇಲೆ ವಾಪಸ್ ಕೊಟ್ಟರೆ ಆಯ್ತು.

ಆದರೆ ಇಲ್ಲಿ ಹೊರಗಿನಿಂದ ಬಂದವರಿಗೆ ಕಾರಿನ ವಿಷಯ ಬೆಲೆಗಿಂತ ಜಾಸ್ತಿ ದಿನಾಂಕಗಳ ವಿಷಯ. ನಿಮ್ಮ ಭಾರತದ ಲೈಸೆನ್ಸ್ ಇಲ್ಲಿ ಎಲ್ಲಿಯವರೆಗೆ ನಡೆಯುತ್ತದೆ? ಕೆಲಸದ ಪ್ರೊಬೇಷನ್ ಯಾವಾಗ ಮುಗಿಯುತ್ತದೆ? ವೀಸಾ ಕಾರ್ಡಿನ, ಅಂದರೆ ರೆಸಿಡೆನ್ಸ್ ಪರ್ಮಿಟ್ಟಿನ, ಮೇಲಿರುವ ಕೊನೆಯ ದಿನ ಯಾವುದು? ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದೆ ಹೇಳುವ ಪ್ರತಿ ಹೆಜ್ಜೆಯಲ್ಲೂ ಆ ಹಾಳೆ ಬೇಕಾಗುತ್ತದೆ.

ಮೊದಲು: ಕಾರು ಈಗಲೇ ಬೇಕಾ?

ಮ್ಯೂನಿಕ್, ಬರ್ಲಿನ್, ಹ್ಯಾಂಬರ್ಗ್‌ನಂಥ ಊರಿನಲ್ಲಿ ಒಬ್ಬರೇ ಇದ್ದರೆ, ಮೊದಲ ವರ್ಷ ಕಾರು ಬೇಡ ಎಂದೇ ನಾನು ಹೇಳುತ್ತೇನೆ. ಡಾಯ್ಚ್‌ಲಾಂಡ್ ಟಿಕೆಟ್‌ಗೆ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಅದೊಂದರಲ್ಲೇ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಸಿಗುತ್ತವೆ. ಚಿಕ್ಕ ಊರಿನಲ್ಲಿ ಮನೆ, ಪುಟ್ಟ ಮಕ್ಕಳು, ಬಸ್ಸು ಗಂಟೆಗೊಂದು ಅಂತಿದ್ದರೆ ಮಾತು ಬೇರೆ. ಆಗ ಕಾರು ನಿಜಕ್ಕೂ ಬೇಕು. ಹೇಗೇ ಇರಲಿ, ಲೈಸೆನ್ಸ್ ಕೆಲಸವನ್ನು ಮಾತ್ರ ಬಂದ ತಿಂಗಳೇ ಶುರು ಮಾಡಿ.

ಆರು ತಿಂಗಳ ಗಡುವು

ಜರ್ಮನಿಯಲ್ಲಿ ನೀವು ವಾಸ ಶುರು ಮಾಡಿದ ದಿನದಿಂದ ಆರು ತಿಂಗಳು ಭಾರತದ ಲೈಸೆನ್ಸ್ ನಡೆಯುತ್ತದೆ. ಅದರ ಜೊತೆ ಜರ್ಮನ್ ಅನುವಾದ ಅಥವಾ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಪರ್ಮಿಟ್ ಒಂದು ವರ್ಷದ್ದು, ಆದ್ದರಿಂದ ಇಲ್ಲಿಯೂ ಒಂದು ವರ್ಷ ಓಡಿಸಬಹುದು ಎಂದು ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ಪರ್ಮಿಟ್ ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ, ಅಷ್ಟೇ. ಗಡುವು ಆರು ತಿಂಗಳೇ. ನೀವು ಇಲ್ಲಿರುವುದೇ ಒಟ್ಟು 12 ತಿಂಗಳಿಗಿಂತ ಕಡಿಮೆ ಎಂದು ಕಾಗದ ತೋರಿಸಿದರೆ ಮಾತ್ರ, ಲೈಸೆನ್ಸ್ ಕಚೇರಿಯವರು ಇನ್ನೂ ಆರು ತಿಂಗಳು ವಿಸ್ತರಿಸಿ ಕೊಡಬಹುದು.

ಗಡುವು ದಾಟಿದ ಮೇಲೆ ಓಡಿಸಿದರೆ ದಂಡ ಕಟ್ಟಿ ಬಿಡುವ ಸಣ್ಣ ತಪ್ಪಲ್ಲ ಅದು. ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದು ಕಾನೂನಿನಲ್ಲಿದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಎದುರಿನವರಿಗೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ನಿಮ್ಮಿಂದ ವಸೂಲಿ ಮಾಡಬಹುದು. ನಿಮ್ಮ ಕಾರಿನ ನಷ್ಟಕ್ಕೆ ಹಣ ಕೊಡದೆಯೂ ಇರಬಹುದು. ವೀಸಾ ಮೇಲೆ ಬದುಕುವವರಿಗೆ ಕ್ರಿಮಿನಲ್ ಕೇಸು ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನೆರಡು ಮಾತು. ಎಲ್‌ಎಲ್‌ಆರ್ ಇಲ್ಲಿ ನಡೆಯುವುದಿಲ್ಲ. ಹಾಗೆಯೇ, ಜರ್ಮನಿಗೆ ಬಂದು ನೆಲೆಸಿದ ಮೇಲೆ ರಜೆಗೆ ಊರಿಗೆ ಹೋಗಿ ಮಾಡಿಸಿಕೊಂಡು ಬಂದ ಲೈಸೆನ್ಸನ್ನೂ ಒಪ್ಪುವುದಿಲ್ಲ. ಇಲ್ಲಿಗೆ ಬರುವ ಮುಂಚೆ ಪಡೆದದ್ದೇ ಆಗಿರಬೇಕು.

ಊರು ಬಿಡುವ ಮುಂಚೆ

ಡಿಎಲ್ ಅವಧಿ ನೋಡಿ. ಮುಗಿಯುವ ಹತ್ತಿರ ಇದ್ದರೆ ಹೊರಡುವ ಮುಂಚೆ ನವೀಕರಿಸಿ. ಜರ್ಮನಿಯಲ್ಲಿ ಕೂತು ಕರ್ನಾಟಕದ ಆರ್‌ಟಿಓ ಕೆಲಸ ಮಾಡಿಸುವುದು ತುಂಬ ಕಷ್ಟ. ಸಾರಥಿ ಜಾಲತಾಣದಲ್ಲಿ ನಿಮ್ಮ ವಿವರ ಸರಿಯಾಗಿ ಬರುತ್ತದೆಯಾ ಎಂದು ನೋಡಿ. ಹಳೆಯ ಪುಸ್ತಕದ ರೂಪದ ಲೈಸೆನ್ಸ್ ಇದ್ದರೆ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮ ಕಡೆ ಇನಿಶಿಯಲ್ಲಿನ ತೊಂದರೆ ಗೊತ್ತೇ ಇದೆ. ಡಿಎಲ್‌ನಲ್ಲಿ ಬರೀ ಒಂದು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಜರ್ಮನ್ ಗುಮಾಸ್ತರಿಗೆ ಇದು ಇಬ್ಬರು ಬೇರೆ ಮನುಷ್ಯರಂತೆ ಕಾಣುತ್ತದೆ.

ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡರೆ ಮೊದಲ ತಿಂಗಳುಗಳಲ್ಲಿ ಬಾಡಿಗೆ ಕಾರಿಗೆ ಉಪಯೋಗ. ಅದಕ್ಕೂ ನಿಮ್ಮ ಆರ್‌ಟಿಓಗೇ ಅರ್ಜಿ.

ಲೈಸೆನ್ಸ್ ಬದಲಾಯಿಸುವುದು: ಉಮ್‌ಶ್ರೈಬುಂಗ್

ಪರೀಕ್ಷೆ ಇಲ್ಲದೆ ಲೈಸೆನ್ಸ್ ಬದಲಾಯಿಸಿಕೊಡುವ ದೇಶಗಳ ಒಂದು ಪಟ್ಟಿ ಜರ್ಮನಿಯಲ್ಲಿದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆಯಬೇಕು. ಒಂದು ದೊಡ್ಡ ರಿಯಾಯಿತಿ ಮಾತ್ರ ಇದೆ. ಹೊಸಬರಿಗೆ ಕಡ್ಡಾಯವಾಗಿರುವ ತರಗತಿಗಳು, ಆಟೊಬಾನ್ ಎಂಬ ವೇಗದ ಹೆದ್ದಾರಿಯ ಪಾಠ, ರಾತ್ರಿ ಪಾಠ ಇವು ನಿಮಗೆ ಕಡ್ಡಾಯ ಅಲ್ಲ. ಡ್ರೈವಿಂಗ್ ಸ್ಕೂಲಿಗೆ, ಅಂದರೆ ಫಾರ್‌ಶೂಲೆಗೆ, ಸೇರಲೇಬೇಕು. ಪರೀಕ್ಷೆಯಲ್ಲಿ ಅವರ ಕಾರು, ಅವರ ಶಿಕ್ಷಕರು ಇರಲೇಬೇಕು. ಆದರೆ ಎಷ್ಟು ಪಾಠ ಎನ್ನುವುದು ನಿಮ್ಮ ಕೈಯಲ್ಲಿದೆ. ಕೆಲವು ಸ್ಕೂಲಿನವರು ಪೂರ್ತಿ ಪ್ಯಾಕೇಜ್ ಮಾರಲು ನೋಡುತ್ತಾರೆ. "ನನ್ನದು ಉಮ್‌ಶ್ರೈಬುಂಗ್, ಕಡ್ಡಾಯ ಪಾಠ ಬೇಡ" ಎಂದು ಮೊದಲೇ ಹೇಳಿ, ದರಪಟ್ಟಿ ಬರಹದಲ್ಲಿ ತೆಗೆದುಕೊಳ್ಳಿ.

ಅರ್ಜಿ ಕೊಡುವುದು ನಿಮ್ಮ ಊರಿನ ಫ್ಯೂರರ್‌ಶೈನ್‌ಸ್ಟೆಲ್ಲೆಯಲ್ಲಿ, ಅಂದರೆ ಲೈಸೆನ್ಸ್ ಕಚೇರಿಯಲ್ಲಿ. ಬೇಕಾದ ಕಾಗದಗಳು ಇವು:

- ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್, ವಿಳಾಸ ನೋಂದಣಿಯ ಪತ್ರ
- ಭಾರತದ ಮೂಲ ಲೈಸೆನ್ಸ್ ಮತ್ತು ಅದರ ಜರ್ಮನ್ ಅನುವಾದ
- ಒಂದು ಬಯೊಮೆಟ್ರಿಕ್ ಫೋಟೊ
- ಕಣ್ಣಿನ ಪರೀಕ್ಷೆಯ ಚೀಟಿ, ಕನ್ನಡಕದ ಅಂಗಡಿಯಲ್ಲೇ ಹತ್ತು ಯೂರೊ ಒಳಗೆ ಆಗುತ್ತದೆ
- ಪ್ರಥಮ ಚಿಕಿತ್ಸೆ ತರಬೇತಿಯ ಪ್ರಮಾಣಪತ್ರ
- ನೀವು ಸೇರಿದ ಫಾರ್‌ಶೂಲೆಯ ಹೆಸರು

ಅನುವಾದವನ್ನು ಎಡಿಎಸಿ ಎಂಬ ವಾಹನ ಚಾಲಕರ ಸಂಘ ಮಾಡಿಕೊಡುತ್ತದೆ. ಪ್ರಮಾಣಿತ ಅನುವಾದಕರಿಂದಲೂ ಮಾಡಿಸಬಹುದು. ಯಾರ ಅನುವಾದ ಒಪ್ಪುತ್ತಾರೆ ಎಂದು ನಿಮ್ಮ ಕಚೇರಿಯನ್ನೇ ಮೊದಲು ಕೇಳಿ, ಊರಿಂದ ಊರಿಗೆ ವ್ಯತ್ಯಾಸ ಇದೆ. ಪ್ರಥಮ ಚಿಕಿತ್ಸೆಯದ್ದು ಒಂದು ದಿನದ ತರಬೇತಿ. ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ಇದನ್ನು ಸುಮ್ನೆ ಕಾಟಾಚಾರಕ್ಕೆ ಮಾಡಬೇಡಿ. ಬಿದ್ದ ಮನುಷ್ಯನ ಎದೆ ಒತ್ತುವುದು ಹೇಗೆ ಎಂದು ಕಲಿತದ್ದು ಊರಿನಲ್ಲಿ ಅಪ್ಪ ಅಮ್ಮನಿಗೂ ಉಪಯೋಗಕ್ಕೆ ಬರಬಹುದು.

ಅರ್ಜಿ ಮಂಜೂರಾಗಲು ವಾರಗಳು, ಕೆಲವು ಊರುಗಳಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಬಂದ ತಿಂಗಳೇ ಶುರು ಮಾಡಿ ಎಂದದ್ದು. ಮೂರನೇ ತಿಂಗಳಲ್ಲಿ ಅರ್ಜಿ ಹಾಕಿದರೆ ಆರು ತಿಂಗಳ ಗಡುವಿನೊಳಗೆ ಕಾರ್ಡು ಕೈಗೆ ಬರುವುದು ಕಷ್ಟ. ಗಡುವು ದಾಟಿದರೂ ಬದಲಾವಣೆಯ ಹಕ್ಕು ಹೋಗುವುದಿಲ್ಲ. ಆದರೆ ಹೊಸ ಕಾರ್ಡು ಬರುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ.

ಥಿಯರಿ ಪರೀಕ್ಷೆ

ಕಂಪ್ಯೂಟರಿನಲ್ಲಿ 30 ಪ್ರಶ್ನೆ. ತಪ್ಪಾದ ಪ್ರತಿ ಪ್ರಶ್ನೆಗೆ ದೋಷ ಅಂಕ. ಒಟ್ಟು 10 ದೋಷ ಅಂಕದವರೆಗೆ ಪಾಸ್. ಆದರೆ 5 ಅಂಕದ ಪ್ರಶ್ನೆ ಎರಡು ತಪ್ಪಿದರೆ, ಒಟ್ಟು 10 ಮೀರದಿದ್ದರೂ ಫೇಲ್. ಈ 5 ಅಂಕದವು ಹೆಚ್ಚಾಗಿ ಯಾರಿಗೆ ಮೊದಲು ದಾರಿ ಬಿಡಬೇಕು ಎನ್ನುವಂಥವು. ಇಂಗ್ಲಿಷಿನಲ್ಲಿ ಬರೆಯಬಹುದು.

ಪ್ರಶ್ನೆ ಸಂಗ್ರಹದಲ್ಲಿ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿವೆ. ಫಾರ್‌ಶೂಲೆ ಕೊಡುವ ಆ್ಯಪ್‌ನಲ್ಲಿ ಎಲ್ಲವೂ ಸಿಗುತ್ತವೆ. "ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಓಡಿಸಿದ್ದೀನಿ, ಇದೇನು ಮಹಾ" ಎಂದು ಓದದೆ ಹೋಗುವವರು ಇಲ್ಲೇ ಎಡವುತ್ತಾರೆ. ಟ್ರೇಲರ್ ತೂಕ, ಬ್ರೇಕ್ ಹಿಡಿದು ನಿಲ್ಲುವ ದೂರದ ಲೆಕ್ಕ, ಮಂಜಿನಲ್ಲಿ ಹಾಕಬೇಕಾದ ದೀಪ ಇವೆಲ್ಲ ಅನುಭವದಿಂದ ಬರುವ ಉತ್ತರಗಳಲ್ಲ, ಓದಲೇಬೇಕು. ಪಾಸಾದ ಮೇಲೆ 12 ತಿಂಗಳೊಳಗೆ ಪ್ರಾಕ್ಟಿಕಲ್ ಮುಗಿಸಬೇಕು.

ಪ್ರಾಕ್ಟಿಕಲ್: ಅನುಭವಸ್ಥರೇ ಇಲ್ಲಿ ಫೇಲಾಗುತ್ತಾರೆ

ಪರೀಕ್ಷೆ 55 ನಿಮಿಷದ್ದು. ಶಿಕ್ಷಕರು ಪಕ್ಕದಲ್ಲಿ, ಟ್ಯೂವ್ ಅಥವಾ ಡೆಕ್ರಾ ಸಂಸ್ಥೆಯ ಪರೀಕ್ಷಕರು ಹಿಂದೆ ಕೂರುತ್ತಾರೆ. ಭಾಷೆ ಜರ್ಮನ್ ಮಾತ್ರ. ಹೆದರಬೇಡಿ, ಕೇಳುವ ಮಾತುಗಳು ಕಡಿಮೆ. ರೆಷ್ಟ್ಸ್ ಎಂದರೆ ಬಲಕ್ಕೆ, ಲಿಂಕ್ಸ್ ಎಂದರೆ ಎಡಕ್ಕೆ, ಗೆರಾಡೆಔಸ್ ಎಂದರೆ ನೇರ, ಆಬ್‌ಬೀಗೆನ್ ಎಂದರೆ ತಿರುಗು, ಐನ್‌ಪಾರ್ಕೆನ್ ಎಂದರೆ ಪಾರ್ಕ್ ಮಾಡು. ಪಾಠದ ಸಮಯದಲ್ಲೇ ಶಿಕ್ಷಕರಿಗೆ ಜರ್ಮನ್‌ನಲ್ಲೇ ಮಾತಾಡಲು ಹೇಳಿ.

ಕಾರು ಓಡಿಸಲು ನಿಮಗೆ ಬರುತ್ತದೆ. ಪರೀಕ್ಷಕರು ನೋಡುವುದು ಬೇರೆಯದನ್ನು. ಲೇನ್ ಬದಲಿಸುವಾಗ, ತಿರುಗುವಾಗ ಕನ್ನಡಿ ನೋಡಿದರೆ ಸಾಲದು, ತಲೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಬಲಕ್ಕೆ ತಿರುಗುವಾಗ ಪಕ್ಕದಲ್ಲಿ ನೇರ ಬರುವ ಸೈಕಲ್ಲಿನವರಿಗೆ ಮೊದಲ ಹಕ್ಕು. ಇದೊಂದನ್ನು ಮರೆತರೆ ಶಿಕ್ಷಕರೇ ಬ್ರೇಕ್ ಒತ್ತುತ್ತಾರೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಸ್ಟಾಪ್ ಫಲಕದಲ್ಲಿ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು.

ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು "ರೆಷ್ಟ್ಸ್ ಫೋರ್ ಲಿಂಕ್ಸ್". ಫಲಕ, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರು ಮೊದಲು ಹೋಗಬೇಕು. ನೀವು ಅಗಲ ರಸ್ತೆಯಲ್ಲಿದ್ದು ಅವರು ಸಣ್ಣ ಗಲ್ಲಿಯಿಂದ ಬಂದರೂ ಅಷ್ಟೇ. ದೊಡ್ಡ ರಸ್ತೆಯವರು, ದೊಡ್ಡ ಗಾಡಿಯವರು ಮುಂದೆ ಎನ್ನುವುದು ನಮ್ಮ ರಸ್ತೆಗಳಲ್ಲಿ ಮೈಗೂಡಿದ ಅಭ್ಯಾಸ. ಅದನ್ನು ಬಿಡಬೇಕು. ಗಂಟೆಗೆ 30 ಕಿ.ಮೀ. ಮಿತಿಯ ವಲಯದಲ್ಲಿ ಪ್ರತಿ ಗಲ್ಲಿಯ ಬಾಯಲ್ಲೂ ನಿಧಾನ ಮಾಡಿ ಬಲಕ್ಕೆ ನೋಡಿ. ನೀವು ನೋಡಿದ್ದು ಪರೀಕ್ಷಕರಿಗೆ ಕಾಣಬೇಕು.

ಆಟೊಬಾನ್‌ಗೆ ಸೇರುವಾಗ ಇನ್ನೊಂದು ತಪ್ಪು ಆಗುತ್ತದೆ. ಹೆದರಿ ನಿಧಾನವಾಗಿ ಸೇರುವುದು ಇಲ್ಲಿ ಅಪಾಯ. ಸೇರುವ ಲೇನಿನಲ್ಲೇ ವೇಗ ಏರಿಸಿಕೊಂಡು ಹರಿವಿನ ಜೊತೆ ಒಳಗೆ ಹೋಗಬೇಕು. ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಎಡ ಲೇನಿನಲ್ಲಿ ಸುಮ್ಮನೆ ಉಳಿಯುವಂತಿಲ್ಲ.

ನಾಲ್ಕೈದು ಪಾಠ ಸಾಕು ಎಂದುಕೊಂಡೇ ಎಲ್ಲರೂ ಹೋಗುತ್ತಾರೆ. ಹತ್ತು ಇಟ್ಟುಕೊಳ್ಳಿ. ಎಡಗಡೆ ಸ್ಟೀರಿಂಗ್, ಬಲಗೈಯಲ್ಲಿ ಗೇರು, ರಸ್ತೆಯ ಬಲಭಾಗ, ಇವಕ್ಕೆ ಕೈ ಬೇಗ ಹೊಂದಿಕೊಳ್ಳುತ್ತದೆ. ಕಣ್ಣಿನ ಅಭ್ಯಾಸ ಬದಲಾಗಲು ಹೊತ್ತು ಬೇಕು. ದೊಡ್ಡ ಊರಿನಲ್ಲಿ 45 ನಿಮಿಷದ ಒಂದು ಪಾಠಕ್ಕೆ 60ರಿಂದ 80 ಯೂರೊ ಆಗುತ್ತದೆ. ಪರೀಕ್ಷಾ ಶುಲ್ಕ ಥಿಯರಿಗೆ ಸುಮಾರು 25, ಪ್ರಾಕ್ಟಿಕಲ್‌ಗೆ ಸುಮಾರು 130 ಯೂರೊ. ಅದರ ಮೇಲೆ ಫಾರ್‌ಶೂಲೆಯ ಶುಲ್ಕ ಬೇರೆ. ಎಲ್ಲ ಸೇರಿ 1,000ದಿಂದ 1,500 ಯೂರೊ ಎತ್ತಿಡಿ. ಫೇಲಾದರೆ ಸಾಮಾನ್ಯವಾಗಿ ಎರಡು ವಾರ ಕಾದು ಮತ್ತೆ ಬರೆಯಬಹುದು, ಆದರೆ ಶುಲ್ಕ ಮತ್ತೆ ಕಟ್ಟಬೇಕು.

ಪಾಸಾದ ಮೇಲೆ ಜರ್ಮನ್ ಕಾರ್ಡು ಕೊಟ್ಟು ನಿಮ್ಮ ಭಾರತದ ಲೈಸೆನ್ಸನ್ನು ಕಚೇರಿಯವರು ಇಟ್ಟುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಎರಡೂ ಬದಿಯ ಒಳ್ಳೆಯ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಅನುವಾದದ ಪ್ರತಿಯನ್ನೂ ಜೋಪಾನ ಮಾಡಿ. ಮುಂದೆ ಇನ್ಶೂರೆನ್ಸಿನವರ ಹತ್ತಿರ ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ ಎಂದು ತೋರಿಸಲು ಅದೇ ಆಧಾರ.

ಲೀಸ್‌ಗೆ ಸಹಿ ಹಾಕುವ ಮುಂಚೆ

ಈಗ ಆ ಹಾಳೆ ತೆಗೆಯಿರಿ. ಲೀಸ್ ಎಂದರೆ ಬ್ಯಾಂಕಿನ ಕಾರನ್ನು ತಿಂಗಳ ಕಂತು ಕಟ್ಟಿ ಬಳಸುವ 24, 36 ಅಥವಾ 48 ತಿಂಗಳ ಒಪ್ಪಂದ. ಮಧ್ಯದಲ್ಲಿ ಬಿಡುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಕೆಲಸ ಹೋಯಿತು, ಊರಿಗೆ ಹೋಗುತ್ತಿದ್ದೇನೆ, ಅಮೆರಿಕದಲ್ಲಿ ಕೆಲಸ ಸಿಕ್ಕಿತು, ಯಾವ ಕಾರಣಕ್ಕೂ ಬ್ಯಾಂಕು ಕರಗುವುದಿಲ್ಲ. ಉಳಿದ ಕಂತುಗಳಲ್ಲಿ ದೊಡ್ಡ ಪಾಲು ಕೇಳುತ್ತದೆ. 14 ದಿನದಲ್ಲಿ ಹಿಂದೆ ಸರಿಯಬಹುದು ಎಂದೂ ನಂಬಿ ಕೂರಬೇಡಿ. ಆ ಹಕ್ಕು ಎಲ್ಲ ಲೀಸ್‌ಗೂ ಇಲ್ಲ, ಒಪ್ಪಂದದಲ್ಲಿ ಬರೆದಿದೆಯಾ ಎಂದು ನೋಡಿ.

ಆದ್ದರಿಂದ ನನ್ನ ನಿಯಮ ಇಷ್ಟೇ. ಲೀಸ್ ಮುಗಿಯುವ ದಿನ ನಿಮ್ಮ ವೀಸಾ ಮುಗಿಯುವ ದಿನಕ್ಕಿಂತ ಮುಂಚೆ ಇರಬೇಕು. ಬ್ಲೂ ಕಾರ್ಡ್, ಅಂದರೆ ಪರಿಣತ ಕೆಲಸಗಾರರಿಗೆ ಕೊಡುವ ರೆಸಿಡೆನ್ಸ್ ಪರ್ಮಿಟ್, ಹೆಚ್ಚೆಂದರೆ ನಾಲ್ಕು ವರ್ಷದ್ದು. ಕೆಲಸದ ಒಪ್ಪಂದ ಚಿಕ್ಕದಿದ್ದರೆ ಕಾರ್ಡೂ ಚಿಕ್ಕದು. ಕಾರ್ಡಿನಲ್ಲಿ ಎರಡೂವರೆ ವರ್ಷ ಉಳಿದಿದ್ದರೆ 24 ತಿಂಗಳ ಲೀಸ್ ತೆಗೆದುಕೊಳ್ಳಿ, ಕಂತು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಬ್ಯಾಂಕುಗಳೂ ಇದನ್ನೇ ನೋಡುತ್ತವೆ. ವೀಸಾಗಿಂತ ಉದ್ದದ ಲೀಸ್ ಕೇಳಿದರೆ ಎಷ್ಟೋ ಸಲ ಅರ್ಜಿಯೇ ತಿರಸ್ಕಾರ ಆಗುತ್ತದೆ.

ಕೆಲಸದ ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು. ಆಗ ಕಂಪನಿ ಎರಡು ವಾರದ ನೋಟಿಸಿನಲ್ಲಿ ತೆಗೆಯಬಹುದು. ಹಾಗಾಗಿ ಹೆಚ್ಚಿನ ಬ್ಯಾಂಕುಗಳು ಪ್ರೊಬೇಷನ್ ಮುಗಿಯುವವರೆಗೆ ಲೀಸ್ ಕೊಡುವುದಿಲ್ಲ. ಕೊಟ್ಟರೂ ತೆಗೆದುಕೊಳ್ಳಬೇಡಿ.

ಬ್ಯಾಂಕು ಕೇಳುವುದು ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಒಪ್ಪಂದ, ರೆಸಿಡೆನ್ಸ್ ಪರ್ಮಿಟ್, ಲೈಸೆನ್ಸ್, ಜೊತೆಗೆ ಶೂಫಾ. ಶೂಫಾ ನಮ್ಮ ಸಿಬಿಲ್ ಇದ್ದ ಹಾಗೆ. ಭಾರತದ ಸಿಬಿಲ್ ಸ್ಕೋರ್ ಇಲ್ಲಿ ಯಾರೂ ನೋಡುವುದಿಲ್ಲ, ಎಲ್ಲ ಸೊನ್ನೆಯಿಂದ ಶುರು. ಬ್ಯಾಂಕ್ ಖಾತೆ, ಮೊಬೈಲ್ ಒಪ್ಪಂದ ತೆಗೆದು, ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತ ಬಂದರೆ ದಾಖಲೆ ತಾನಾಗಿಯೇ ಬೆಳೆಯುತ್ತದೆ. ನಿಮ್ಮ ಬಗ್ಗೆ ಏನಿದೆ ಎಂದು ನೋಡಲು ಶೂಫಾದಿಂದ ಉಚಿತ ಪ್ರತಿ ಕೇಳಬಹುದು. ಅವರ ಜಾಲತಾಣ ಹಣದ ಪ್ರತಿಯನ್ನೇ ಮುಂದೆ ತೋರಿಸುತ್ತದೆ. ನೀವು "ಡಾಟೆನ್‌ಕೋಪಿ" (ನಿಮ್ಮ ಮಾಹಿತಿಯ ಪ್ರತಿ) ಎಂದು ಹುಡುಕಿ.

ಜಾಹೀರಾತಿನ ಕಂತು ನಿಜವಾದ ಕಂತಲ್ಲ

ಒಂದು ಲೆಕ್ಕ ಮಾಡೋಣ. ಕಾರಿನ ಪಟ್ಟಿ ಬೆಲೆ 35,000 ಯೂರೊ. ಜಾಹೀರಾತು ಹೇಳುವುದು 36 ತಿಂಗಳು, ತಿಂಗಳಿಗೆ 280. ಕೆಳಗೆ ಸಣ್ಣ ಅಕ್ಷರದಲ್ಲಿ ಮುಂಗಡ 1,500, ಕಾರ್ಖಾನೆಯಿಂದ ಕಾರು ತರಿಸುವ ಖರ್ಚು 1,000. ಈಗ ಕೂಡಿಸಿ. 280 ಗುಣಿಸು 36 ಎಂದರೆ 10,080. ಅದಕ್ಕೆ 2,500 ಸೇರಿಸಿದರೆ 12,580. 36ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 349. ಜಾಹೀರಾತಿಗಿಂತ ಸುಮಾರು 70 ಯೂರೊ ಜಾಸ್ತಿ.

ಕಾರುಗಳನ್ನು ಹೋಲಿಸಲು ಇಲ್ಲಿ ಲೀಸಿಂಗ್ ಫ್ಯಾಕ್ಟರ್ ಎಂಬ ಸಂಖ್ಯೆ ಬಳಸುತ್ತಾರೆ. ತಿಂಗಳ ಕಂತನ್ನು ಪಟ್ಟಿ ಬೆಲೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಅದು ಸಿಗುತ್ತದೆ. ಮೇಲಿನ ಕಾರಿಗೆ ಜಾಹೀರಾತಿನ ಪ್ರಕಾರ 0.8, ನಿಜವಾಗಿ 1.0. ಕಡಿಮೆ ಇದ್ದಷ್ಟೂ ಒಳ್ಳೆಯದು. ಯಾವಾಗಲೂ ಎಲ್ಲ ಖರ್ಚು ಸೇರಿಸಿದ ಸಂಖ್ಯೆಯನ್ನೇ ಹೋಲಿಸಿ. ಮುಂಗಡ ಇಲ್ಲದ ಲೀಸ್ ನನಗೆ ಇಷ್ಟ. ಮುಂಗಡ ಕಟ್ಟಿದ ಎರಡನೇ ತಿಂಗಳಲ್ಲೇ ಕಾರು ಕಳುವಾದರೆ ಆ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಲೀಸ್‌ನಲ್ಲಿ ಎರಡು ಬಗೆ. ಕಿಲೋಮೀಟರ್ ಲೀಸಿಂಗ್‌ನಲ್ಲಿ ವರ್ಷಕ್ಕೆ ಇಷ್ಟು ಕಿ.ಮೀ. ಎಂದು ಮಾತಾಗುತ್ತದೆ. ಕೊನೆಯಲ್ಲಿ ಕಾರಿನ ಬೆಲೆ ಮಾರುಕಟ್ಟೆಯಲ್ಲಿ ಎಷ್ಟೇ ಬಿದ್ದಿರಲಿ, ಅದು ನಿಮ್ಮ ತಲೆನೋವಲ್ಲ. ರೆಸ್ಟ್‌ವೆರ್ಟ್ ಲೀಸಿಂಗ್‌ನಲ್ಲಿ ಕೊನೆಗೆ ಕಾರು ಇಷ್ಟು ಬೆಲೆ ಬಾಳಬೇಕು ಎಂದು ಮೊದಲೇ ಬರೆದಿರುತ್ತಾರೆ. ಬಾಳದಿದ್ದರೆ ವ್ಯತ್ಯಾಸ ನೀವು ಕಟ್ಟಬೇಕು. ಇದರಲ್ಲಿ ತಿಂಗಳ ಕಂತು ಕಡಿಮೆ ಕಾಣುತ್ತದೆ. ದಯವಿಟ್ಟು ತೆಗೆದುಕೊಳ್ಳಬೇಡಿ.

ಕಿಲೋಮೀಟರ್ ಅಂದಾಜನ್ನು ಪ್ರಾಮಾಣಿಕವಾಗಿ ಮಾಡಿ. ಆಫೀಸಿಗೆ ದಿನಕ್ಕೆ ಹೋಗಿ ಬರಲು 40 ಕಿ.ಮೀ., ವರ್ಷಕ್ಕೆ 200 ದಿನ ಎಂದರೆ ಅದೇ 8,000. ಮೇಲೆ ಯುಗಾದಿ, ದೀಪಾವಳಿಗೆ ಬೇರೆ ಊರಿನ ಕನ್ನಡ ಕೂಟ, ಅಪ್ಪ ಅಮ್ಮ ಬಂದಾಗ ಸ್ವಿಟ್ಜರ್ಲೆಂಡ್, ಪ್ಯಾರಿಸ್. 10,000 ಸಾಲುವುದಿಲ್ಲ. ಅನೇಕ ಒಪ್ಪಂದಗಳಲ್ಲಿ ಒಟ್ಟು 2,500 ಕಿ.ಮೀ.ವರೆಗೆ ಹೆಚ್ಚಾದರೆ ಹಣ ಕೇಳುವುದಿಲ್ಲ, ಅದರಾಚೆ ಪ್ರತಿ ಕಿ.ಮೀ.ಗೂ ದರ ಇರುತ್ತದೆ. ಆ ದರವನ್ನು ಸಹಿಗೆ ಮುಂಚೆ ಓದಿ.

ಕಂಪನಿ ಕಾರು ಸಿಕ್ಕರೆ

ಕಂಪನಿಯೇ ಕಾರು ಕೊಡುವುದಾದರೆ ಬ್ಯಾಂಕು, ಶೂಫಾ, ಇನ್ಶೂರೆನ್ಸ್ ಯಾವುದೂ ನಿಮ್ಮ ಮೇಲಿಲ್ಲ. ಬದಲಿಗೆ ತೆರಿಗೆ. ಪೆಟ್ರೋಲ್ ಕಾರಿಗೆ ಪ್ರತಿ ತಿಂಗಳು ಪಟ್ಟಿ ಬೆಲೆಯ 1 ಶೇಕಡಾ, ಜೊತೆಗೆ ಮನೆ-ಆಫೀಸು ದೂರದ ಪ್ರತಿ ಕಿ.ಮೀ.ಗೆ 0.03 ಶೇಕಡಾ, ನಿಮ್ಮ ಆದಾಯಕ್ಕೆ ಸೇರುತ್ತದೆ. ಪೂರ್ತಿ ಎಲೆಕ್ಟ್ರಿಕ್ ಆದರೆ ಕಾಲು ಭಾಗ ಮಾತ್ರ. 2025ರ ಜುಲೈ 1ರಿಂದ ಈಚೆಗೆ ತೆಗೆದುಕೊಂಡ ಕಾರಿಗೆ ಈ ರಿಯಾಯಿತಿ 1,00,000 ಯೂರೊ ಪಟ್ಟಿ ಬೆಲೆಯವರೆಗೆ ಇದೆ.

40,000 ಯೂರೊ ಕಾರು, ಆಫೀಸು 20 ಕಿ.ಮೀ. ಎಂದುಕೊಳ್ಳಿ. ಪೆಟ್ರೋಲ್ ಆದರೆ ತಿಂಗಳಿಗೆ 400 ಮತ್ತು 240, ಒಟ್ಟು 640 ಯೂರೊ ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ. ಎಲೆಕ್ಟ್ರಿಕ್ ಆದರೆ 100 ಮತ್ತು 60, ಒಟ್ಟು 160. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೆಲಸ ಬಿಟ್ಟರೆ ಕಾರಿನ ಉಳಿದ ಕಂತು ಯಾರದು ಎನ್ನುವ ಒಂದು ಸಾಲು ಆ ಒಪ್ಪಂದದಲ್ಲಿ ಇರುತ್ತದೆ. ಅದನ್ನು ಎರಡು ಸಲ ಓದಿ.

ಇನ್ನೂ ಖಚಿತ ಇಲ್ಲದವರಿಗೆ ಆಟೊ-ಅಬೊ, ಅಂದರೆ ಚಂದಾ ಕಾರು ಇದೆ. ಅವಧಿ ಕೆಲವೇ ತಿಂಗಳಿಂದ ಶುರು. ಇನ್ಶೂರೆನ್ಸ್, ತೆರಿಗೆ, ಟಯರು ಎಲ್ಲ ಕಂತಿನಲ್ಲೇ ಸೇರಿರುತ್ತದೆ. ಲೀಸಿಗಿಂತ ದುಬಾರಿ. ಆದರೂ ವೀಸಾ, ಕೆಲಸ ಎರಡೂ ಗಟ್ಟಿಯಾಗಿಲ್ಲದ ಕಾಲಕ್ಕೆ ಇದೇ ಸರಿ. ಭಾರತದ ಲೈಸೆನ್ಸ್ ಒಪ್ಪುತ್ತಾರಾ ಎಂದು ಮೊದಲೇ ಕೇಳಿ.

ಇನ್ಶೂರೆನ್ಸ್

ಎದುರಿನವರ ನಷ್ಟಕ್ಕೆ ಹಾಫ್ಟ್‌ಫ್ಲಿಷ್ಟ್, ಇದು ಕಾನೂನಿನ ಪ್ರಕಾರ ಕಡ್ಡಾಯ. ಕಳವು, ಬೆಂಕಿ, ಆಲಿಕಲ್ಲು, ಗಾಜಿಗೆ ಟೈಲ್‌ಕಾಸ್ಕೊ. ನಿಮ್ಮದೇ ತಪ್ಪಿನಿಂದ ನಿಮ್ಮ ಕಾರಿಗೆ ಆದ ಪೆಟ್ಟಿಗೂ ಸೇರಿ ಫೋಲ್‌ಕಾಸ್ಕೊ. ಲೀಸ್ ಕಾರಿಗೆ ಬ್ಯಾಂಕು ಫೋಲ್‌ಕಾಸ್ಕೊ ಕೇಳುತ್ತದೆ.

ಇದರ ಜೊತೆ ಗ್ಯಾಪ್ ಎಂಬ ರಕ್ಷಣೆ ಖಂಡಿತ ತೆಗೆದುಕೊಳ್ಳಿ. ಕಾರು ಪೂರ್ತಿ ಹಾಳಾದರೆ ಇನ್ಶೂರೆನ್ಸ್ ಕೊಡುವುದು ಅಂದಿನ ಮಾರುಕಟ್ಟೆ ಬೆಲೆ. ಬ್ಯಾಂಕು ಕೇಳುವುದು ಒಪ್ಪಂದದ ಬಾಕಿ. ನಡುವಿನ ಅಂತರ ಸಾವಿರಾರು ಯೂರೊ ಆಗಬಹುದು. ಗ್ಯಾಪ್ ತುಂಬುವುದು ಅದನ್ನೇ.

ಇನ್ಶೂರೆನ್ಸಿನ ಕಂತು ಎಷ್ಟು ಎನ್ನುವುದು ಅಪಘಾತವಿಲ್ಲದೆ ಓಡಿಸಿದ ವರ್ಷಗಳ ಲೆಕ್ಕದ ಮೇಲೆ. ಇದನ್ನು ಎಸ್‌ಎಫ್ ದರ್ಜೆ ಎನ್ನುತ್ತಾರೆ. ಭಾರತದ ನೋ ಕ್ಲೇಮ್ ಬೋನಸನ್ನು ಇಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಆದರೆ ಮೂರು ವರ್ಷಕ್ಕಿಂತ ಹಳೆಯ ಲೈಸೆನ್ಸ್ ಇದ್ದರೆ ತೀರಾ ಕೆಳಗಿನ ಸೊನ್ನೆ ದರ್ಜೆಯ ಬದಲು ಅರ್ಧ ದರ್ಜೆಯಿಂದ ಶುರುವಾಗುವ ಅವಕಾಶ ಇದೆ. ಭಾರತದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ನಾಲ್ಕು ಕಂಪನಿಗಳಿಗೆ ಬರೆದು ಕೇಳಿ, ಉತ್ತರ ಬರಹದಲ್ಲಿ ಇರಲಿ.

ಯಾರು ಯಾರು ಓಡಿಸುತ್ತಾರೆ ಎಂದು ಪಾಲಿಸಿಯಲ್ಲಿ ಹೇಳಬೇಕು. ಮೂರು ತಿಂಗಳ ವೀಸಾದಲ್ಲಿ ಬಂದ ಅಪ್ಪನಿಗೆ ಆಟೊಬಾನ್ ಮೇಲೆ ಓಡಿಸುವ ಆಸೆ ಇದ್ದರೆ, ಅವರು ಇಲ್ಲಿ ವಾಸ ಮಾಡುವವರಲ್ಲವಾದ್ದರಿಂದ ಭಾರತದ ಲೈಸೆನ್ಸ್ ಮತ್ತು ಪರ್ಮಿಟ್ ಮೇಲೆ ಓಡಿಸಬಹುದು. ಆದರೆ ಅವರ ಹೆಸರು ಪಾಲಿಸಿಗೆ ಸೇರಿರಬೇಕು, ಲೀಸ್ ಒಪ್ಪಂದವೂ ಒಪ್ಪಬೇಕು.

ಪಾಲಿಸಿ ಆದ ಮೇಲೆ, ಇನ್ಶೂರೆನ್ಸ್ ಇದೆ ಎಂದು ತೋರಿಸುವ ಇವಿಬಿ ಎಂಬ ಸಂಖ್ಯೆ ಬರುತ್ತದೆ. ಅದಿಲ್ಲದೆ ನೋಂದಣಿ ಇಲ್ಲ. ಡೀಲರ್ ನೋಂದಣಿ ಮಾಡಿಸಿ ಕೊಡುತ್ತಾರೆ. ಮಾಲೀಕತ್ವದ ಪತ್ರ ಬ್ಯಾಂಕಿನಲ್ಲಿ, ಓಡಾಟದ ಪತ್ರ ನಿಮ್ಮ ಕೈಯಲ್ಲಿ.

ರಸ್ತೆಗೆ ಇಳಿದ ಮೇಲೆ

ವೇಗದ ಮಿತಿ ಗಂಟೆಗೆ ಊರೊಳಗೆ 50 ಕಿ.ಮೀ., ಊರ ಹೊರಗೆ 100. ಆಟೊಬಾನ್‌ನಲ್ಲಿ ಫಲಕ ಇಲ್ಲದ ಕಡೆ ಮಿತಿ ಇಲ್ಲ, ಆದರೆ ಸಲಹೆಯ ವೇಗ 130. ಊರೊಳಗೆ ಮಿತಿಯನ್ನು 21 ಕಿ.ಮೀ. ಮೀರಿದರೆ 115 ಯೂರೊ ದಂಡ ಮತ್ತು ಚಾಲಕರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗ್‌ನ ದಾಖಲೆಯಲ್ಲಿ ಒಂದು ಪಾಯಿಂಟ್. 31 ಮೀರಿದರೆ 260 ಯೂರೊ, ಎರಡು ಪಾಯಿಂಟ್, ಒಂದು ತಿಂಗಳು ಓಡಿಸುವಂತಿಲ್ಲ. ಎಂಟು ಪಾಯಿಂಟ್ ಆದರೆ ಲೈಸೆನ್ಸ್ ರದ್ದು. ಕೈಯಲ್ಲಿ ಮೊಬೈಲ್ ಹಿಡಿದರೆ 100 ಯೂರೊ, ಒಂದು ಪಾಯಿಂಟ್. ಇಲ್ಲಿ ಪೊಲೀಸರ ಜೊತೆ ಚೌಕಾಸಿ ಇಲ್ಲ. ಫೋಟೊ ಸಮೇತ ಪತ್ರ ಮನೆಗೇ ಬರುತ್ತದೆ.

ಹೆದ್ದಾರಿಯಲ್ಲಿ ವಾಹನಗಳು ನಿಲ್ಲುವಷ್ಟು ನಿಧಾನವಾದ ಕೂಡಲೇ ಆಂಬುಲೆನ್ಸಿಗೆ ದಾರಿ ಬಿಡಬೇಕು. ಎಡ ತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯಬೇಕು. ಸೈರನ್ ಕೇಳಿದ ಮೇಲಲ್ಲ, ಅದಕ್ಕೂ ಮುಂಚೆ. ಇಡೀ ರಸ್ತೆ ಒಂದು ಮಾತೂ ಇಲ್ಲದೆ ಎರಡಾಗಿ ಬಿಚ್ಚಿಕೊಳ್ಳುವುದನ್ನು ನೋಡಿದಾಗ ನನಗೆ ಈ ದೇಶದ ಬಗ್ಗೆ ನಿಜವಾದ ಗೌರವ ಬಂತು. ಬಿಡದಿದ್ದರೆ 200 ಯೂರೊ, ಎರಡು ಪಾಯಿಂಟ್, ಒಂದು ತಿಂಗಳ ನಿಷೇಧ.

ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟಯರು ಕಡ್ಡಾಯ. ಅದರ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಬೇಕು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಹಾಕಿಕೊಂಡಿರುವುದು ಇಲ್ಲಿಯ ರೂಢಿ. ಲೀಸ್‌ನಲ್ಲಿ ಎರಡನೇ ಸೆಟ್ ಟಯರು ಸೇರಿದೆಯಾ ಎಂದು ಸಹಿಗೆ ಮುಂಚೆಯೇ ಕೇಳಿ. ಇಲ್ಲದಿದ್ದರೆ ನೂರಾರು ಯೂರೊ ಬೇರೆ ಖರ್ಚು. ಎಚ್ಚರಿಕೆ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕಾರಿನಲ್ಲಿ ಇರಲೇಬೇಕು. 12 ವರ್ಷ ಅಥವಾ 150 ಸೆಂ.ಮೀ. ಎತ್ತರ ಆಗುವವರೆಗೆ ಮಕ್ಕಳಿಗೆ ಅವರದೇ ಸೀಟು. ಮಡಿಲಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ.

ಕಾರು ವಾಪಸ್ ಕೊಡುವಾಗ

ಹೆಚ್ಚು ಜಗಳ ಆಗುವುದು ಕೊನೆಯ ದಿನ. ಕಾರು ಕೈಗೆ ಬಂದ ದಿನವೇ ಎಲ್ಲ ಕಡೆಯ ಫೋಟೊ ತೆಗೆದಿಡಿ. ಸರ್ವಿಸ್ ಹೊತ್ತಿಗೆ ಸರಿಯಾಗಿ ಮಾಡಿಸಿ, ದಾಖಲೆ ಇಟ್ಟುಕೊಳ್ಳಿ. ಬ್ಯಾಂಕುಗಳು ಯಾವ ಗೀರು ಸಾಮಾನ್ಯ ಸವಕಳಿ, ಯಾವುದು ಹಾನಿ ಎಂದು ಚಿತ್ರ ಸಮೇತ ಪಟ್ಟಿ ಕೊಡುತ್ತವೆ. ಮುಗಿಯುವ ಎರಡು ತಿಂಗಳು ಮುಂಚೆ ಆ ಪಟ್ಟಿ ಹಿಡಿದು ಕಾರನ್ನು ಸುತ್ತು ಹಾಕಿ. ಸಣ್ಣ ಗೀರುಗಳನ್ನು ಹೊರಗಿನ ಗ್ಯಾರೇಜಿನಲ್ಲಿ ಸರಿ ಮಾಡಿಸಿದರೆ ಬ್ಯಾಂಕು ಹಾಕುವ ಬಿಲ್ಲಿಗಿಂತ ಅಗ್ಗವಾಗುತ್ತದೆ. ಆದರೆ ಒಪ್ಪಂದದಲ್ಲಿ ಅದಕ್ಕೆ ಅಡ್ಡಿ ಇಲ್ಲ ಎಂದು ಖಚಿತ ಮಾಡಿಕೊಳ್ಳಿ.

ಒಪ್ಪಿಸುವ ದಿನ ಬೆಳಕಿನಲ್ಲಿ ಹೋಗಿ, ಕಾರು ತೊಳೆಸಿಕೊಂಡು ಹೋಗಿ, ಜರ್ಮನ್ ಚೆನ್ನಾಗಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಎರಡೂ ಕೀಲಿ, ಸರ್ವಿಸ್ ಪುಸ್ತಕ, ಟಯರು, ಚಾರ್ಜಿಂಗ್ ಕೇಬಲ್ ಎಲ್ಲ ಇರಲಿ. ಅವರು ಬರೆದ ಹಾನಿಯ ಪಟ್ಟಿ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಸುಮ್ಮನೆ ಸಹಿ ಹಾಕಬೇಡಿ. ಒಪ್ಪಿಗೆ ಇಲ್ಲದ ಅಂಶಗಳನ್ನು ಬರೆದು, "ಉಂಟರ್ ಫೋರ್‌ಬೆಹಾಲ್ಟ್" (ನನ್ನ ಆಕ್ಷೇಪ ಉಳಿಸಿಕೊಂಡು) ಎಂದು ಸೇರಿಸಿ ಸಹಿ ಮಾಡಿ. ದೊಡ್ಡ ಮೊತ್ತ ಕೇಳಿದರೆ ಸ್ವತಂತ್ರ ಪರಿಣತರಿಂದ ಎರಡನೇ ವರದಿ ಮಾಡಿಸಿ.

ಅವಧಿಗೆ ಮುಂಚೆಯೇ ದೇಶ ಬಿಡಬೇಕಾಗಿ ಬಂದರೆ ಮೊದಲ ದಾರಿ ಬ್ಯಾಂಕಿನ ಜೊತೆ ಮಾತು. ಎರಡನೆಯದು ಲೀಸಿಂಗ್ ಯೂಬರ್‌ನಾಮೆ, ಅಂದರೆ ನಿಮ್ಮ ಒಪ್ಪಂದವನ್ನು ಇನ್ನೊಬ್ಬರು ವಹಿಸಿಕೊಳ್ಳುವುದು. ಇದಕ್ಕೆ ಬ್ಯಾಂಕಿನ ಒಪ್ಪಿಗೆ, ಹೊಸಬರ ಶೂಫಾ ಎರಡೂ ಬೇಕು. ಅದಕ್ಕೆಂದೇ ಜಾಲತಾಣಗಳಿವೆ. ಗುರುತಿನವರ ಬಳಗದಲ್ಲೂ ಕೇಳಿ. ಆದರೆ ಬ್ಯಾಂಕಿಗೆ ತಿಳಿಸದೆ ಗೆಳೆಯನಿಗೆ ಕಾರು ಕೊಟ್ಟು, "ಕಂತು ನೀನು ಕಟ್ಟು" ಎಂದು ವಿಮಾನ ಹತ್ತುವುದು ಬೇಡ. ಕಾಗದದಲ್ಲಿ ಹೊಣೆ ನಿಮ್ಮದೇ ಉಳಿಯುತ್ತದೆ.

ಕೊನೆಯ ಕಂತು ಮತ್ತು ಹಾನಿಯ ಲೆಕ್ಕ ತೀರುವವರೆಗೆ ಜರ್ಮನ್ ಬ್ಯಾಂಕ್ ಖಾತೆ ಮುಚ್ಚಬೇಡಿ. ಇನ್ಶೂರೆನ್ಸಿನವರಿಂದ ಅಪಘಾತವಿಲ್ಲದ ವರ್ಷಗಳ ಪತ್ರ ಕೇಳಿ ತೆಗೆದುಕೊಳ್ಳಿ, ಮುಂದಿನ ದೇಶದಲ್ಲಿ ಕೇಳುವ ಸಾಧ್ಯತೆ ಇದೆ. ಪೂರ್ತಿಯಾಗಿ ಊರಿಗೆ ಮರಳುವವರು ಜರ್ಮನ್ ಕಾರ್ಡು ಒಪ್ಪಿಸಿ, ಕಚೇರಿಯಲ್ಲಿಟ್ಟ ಭಾರತದ ಲೈಸೆನ್ಸ್ ವಾಪಸ್ ಕೇಳಬಹುದು. ಇದಕ್ಕೂ ಅಪಾಯಿಂಟ್‌ಮೆಂಟ್ ಬೇಕು, ಹಾಗಾಗಿ ಹೊರಡುವ ಒಂದೆರಡು ತಿಂಗಳು ಮುಂಚೆಯೇ ಬರೆದು ಕೇಳಿ.